ಮದುಮಗಳ ಚೌಕಟ್ಟಿನಲ್ಲಿ ತೋಳ

ಮಸ್ಕಿ
೧೪ ಮಾರ್ಚ್ ೧೯೯೯

ಪ್ರೀತಿಯ ಹಸೀನಾ,

ನಾವೆಲ್ಲ ಇಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯಲು ಇವತ್ತು ನನ್ನ ಕೈ ಅಳುಕುತ್ತಿಲ್ಲ. ತಿಂಗಳ ಹಿಂದೆ ಬರೆದಿದ್ದರೆ ಅದು ಹಸಿ ಸುಳ್ಳಾಗುತ್ತಿತ್ತು. ನಿನ್ನ ಮನೆಯವರೆಲ್ಲ, ಆ ಕಂಪ್ಯೂಟರೂ ಸೇರಿ, ತಣ್ಣಗಿರಲಿ.

ಇಲ್ಲಿ ನಡೆದದ್ದನ್ನು ನಿನ್ನ ಗಂಡ ಚಾಂದ್‌ಪಾಷಾ ಆಗಲೇ ಹೇಳಿರುತ್ತಾನೆ. ನಮ್ಮ ಚಾಂದಣ್ಣ ತಾನು ಹಿಡಿದ ಮದುವೆಯ ವಿಡಿಯೋ ಕ್ಯಾಸೆಟ್ಟಿಗೆ ಹಾಡು ಸೇರಿಸಿದ ಹಾಗೆ ಮಾತಿಗೂ ಒಂದಿಷ್ಟು ಸೇರಿಸುವ ಮನುಷ್ಯ. ಆದ್ದರಿಂದ ನನಗೆ ಕಂಡದ್ದನ್ನು ನಾನೇ ಮೊದಲಿನಿಂದ ಬರೆಯುತ್ತೇನೆ, ಎರಡನ್ನೂ ಇಟ್ಟುಕೊಂಡು ನೀನೇ ತಾಳೆ ಹಾಕು. ಬರೆಯಲೇಬೇಕಾದದ್ದು ಇನ್ನೊಂದು ಕಾರಣಕ್ಕೆ. ನೀನು ನನಗೆ ಎರಡು ಉಪಕಾರ ಮಾಡಿದ್ದೀಯ. ಒಂದನ್ನು ನಾನು ನಿನ್ನ ಪಕ್ಕ ಕೂತು ಕಾಡಿ ಬೇಡಿದೆ. ಇನ್ನೊಂದನ್ನು ನಾನು ಬೇಡದೆಯೇ ಮಾಡಿದೆ, ಮಾಡಿದ್ದನ್ನು ಹೇಳಲೂ ಇಲ್ಲ. ಅದನ್ನು ಎದುರಿಗೆ ಕೂತು ಎತ್ತಿದರೆ ನೀನು ಚಹಾ ಮಾಡುವ ನೆಪದಲ್ಲಿ ಎದ್ದು ಒಳಗೆ ಹೋಗುತ್ತೀಯ, ನನಗೆ ಗೊತ್ತು. ಕಾಗದವಾದರೆ ಎಲ್ಲಿಗೆ ಹೋದರೂ ಕೈಯಲ್ಲೇ ಇರುತ್ತದೆ.

ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿಗೆ ಕೂತಾಗ ನಾನು ಕುರಿಹಟ್ಟಿಯ ಸುದ್ದಿ ತೆಗೆದರೆ ನೀನು ದುಪಟ್ಟಾದಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಈಗ ಮುಚ್ಚಿಕೊಳ್ಳದೆ ಓದು. ನಮ್ಮ ಹಟ್ಟಿಯಲ್ಲಿರುವ ಕುರಿಗಳಲ್ಲಿ ನಮ್ಮವು ಎಂದು ಹೇಳಿಕೊಳ್ಳುವಂಥವು ಸ್ವಲ್ಪ. ಉಳಿದವೆಲ್ಲ ನನ್ನ ಸೋದರಮಾವ ಮುದುಕಪ್ಪನವು. ಅವನ್ನು ನಮ್ಮ ಮನೆಯವರು ಪಾಲಿಗೆ ಕಾಯುತ್ತಾರೆ. ಹುಟ್ಟುವ ಮರಿಗಳಲ್ಲಿ ಅರ್ಧ ಒಡೆಯನಿಗೆ, ಅರ್ಧ ಕಾಯುವವನಿಗೆ. ಈ ಪಾಲಿಗೆ ಒಂದು ಕಟ್ಟಳೆ ಇದೆ. ಒಡೆಯನ ಮರಿ ಸತ್ತರೆ ಕಾಯುವವನು ಅದರ ಕಿವಿ ಕೊಯ್ದು ತಂದು ತೋರಿಸಬೇಕು, ಯಾಕೆಂದರೆ ಕಿವಿಯಲ್ಲಿ ಒಡೆಯನ ಗುರುತಿನ ಕಚ್ಚು ಇರುತ್ತದೆ. ರೋಗ ಬಂದು ಸತ್ತರೂ ಕಿವಿ, ಹಾವು ಮುಟ್ಟಿದರೂ ಕಿವಿ. ಕಿವಿ ತಂದುಕೊಟ್ಟರೆ ಮಾತು ಅಲ್ಲಿಗೆ ಮುಗಿಯಿತು. ಆದರೆ ಈ ಕಟ್ಟಳೆ ಮಾಡಿದ ಹಿರಿಯರು ತೋಳವನ್ನು ಕರೆದು ಕೇಳಿರಲಿಲ್ಲ. ಅದು ಮರಿಯನ್ನು ಕಿವಿ ಸಮೇತ ಒಯ್ಯುತ್ತದೆ.

ಈ ಸಲ ಚಳಿ ಮುಗಿಯುವ ಹೊತ್ತಿಗೆ ಮೂರು ಮರಿ ಹೋದವು. ನಮ್ಮ ಗ್ರಹಚಾರಕ್ಕೆ ಮೂರೂ ಮುದುಕಪ್ಪ ಮಾವನವೇ. ಒಂದಕ್ಕೂ ಕಿವಿ ಇಲ್ಲ. ತೋಳ ಒಯ್ದಿದೆ ಎಂದು ಇವರು ಹೇಳಿದರು. ಜನ ಬಿಡುತ್ತಾರೆಯೇ? ಆ ತೋಳಕ್ಕೆ ನಿಮ್ಮ ಮರಿ ರುಚಿ ಹತ್ತುವುದಿಲ್ಲವೇನು ಎಂದು ಒಬ್ಬ ಕೇಳಿದ. ಲಿಂಗಸುಗೂರಿನ ಸಂತೆಯಲ್ಲಿ ಇವರನ್ನು ನೋಡಿದೆ ಎಂದು ಇನ್ನೊಬ್ಬ ಹೇಳಿದ. ಇವರು ಸಂತೆಗೆ ಹೋದದ್ದು ನಮ್ಮ ಅತ್ತೆಯ ಮೊಣಕಾಲಿನ ಎಣ್ಣೆ ತರಲು. ಮುದುಕಪ್ಪ ಮಾವ ಕೆಟ್ಟವನಲ್ಲ, ಹಸೀನಾ. ತಂಗಿಯ ಮಗಳ ಗಂಡ ಎಂದು ಬಹಳ ದಿನ ತಾಳಿಕೊಂಡ. ಕೊನೆಗೆ, ಆಡುವವರ ಬಾಯಿ ಮುಚ್ಚಿಸಬೇಕು, ಬೀರಪ್ಪನ ಗುಡಿಯಲ್ಲಿ ಕಂಬಳಿ ಮುಟ್ಟಿ ಒಂದು ಮಾತು ಆಡಿಬಿಡಲಿ, ನನಗೆ ಅಷ್ಟೇ ಸಾಕು ಎಂದ.

ಆ ಆಣೆಯ ಮಾತು ನಮ್ಮವರಿಗೆಲ್ಲ ಬಾಯಿಪಾಠ. ಕಂಬಳಿಯ ಮೇಲೆ ಕೈ ಇಟ್ಟು, "ನನ್ನ ಕೈಲಿ ಹೋಗಿಲ್ಲ, ನನ್ನ ಕಣ್ಣ ಮುಂದ ಹೋಗಿಲ್ಲ" ಎನ್ನಬೇಕು. ಎಷ್ಟೋ ಜನ ಸುಳ್ಳೇ ಅಂದು ಹೋಗಿದ್ದಾರೆ ಎಂದು ಎಲ್ಲರಿಗೂ ಗೊತ್ತು. ನಮ್ಮವರು ಗುಡಿಗೆ ಹೋದರು. ಗಂಡನ ಹೆಸರು ಹೇಳಬಾರದು ಎನ್ನುತ್ತಾರೆ. ಬರೆಯಬಾರದು ಎಂದು ಯಾರೂ ಹೇಳಿಲ್ಲವಲ್ಲ, ಆದ್ದರಿಂದ ಬರೆಯುತ್ತೇನೆ. ದ್ಯಾವಪ್ಪ ಗುಡಿಗೆ ಹೋದ. ಕಂಬಳಿ ಎತ್ತಿಕೊಂಡ. ಆಮೇಲೆ ಅದನ್ನು ಮಡಚಿ ಕಟ್ಟೆಯ ಮೇಲಿಟ್ಟು, ಇದೊಂದು ನನ್ನಿಂದ ಆಗುವುದಿಲ್ಲ ಎಂದು ಹೇಳಿ ಕುರಿಗಳ ಕಡೆಗೆ ನಡೆದುಬಿಟ್ಟ.

ಇನ್ನೇನು ಬೇಕು ಊರಿಗೆ? ಕದ್ದವನೇ ಆಣೆಗೆ ಹೆದರುವವನು ಎಂದು ತೀರ್ಮಾನವಾಯಿತು. ಅಮಾವಾಸ್ಯೆ ಕಳೆದ ಮೇಲೆ ಕುರಿಗಳನ್ನೆಲ್ಲ ಹೊಡೆದುಕೊಂಡು ಹೋಗುವುದಾಗಿ ಮಾವ ಹೇಳಿ ಕಳಿಸಿದ. ಕುರಿ ಹೋಗುವುದೊಂದೇ ಆಗಿದ್ದರೆ ನಾನು ನಿನ್ನವರೆಗೆ ಬರುತ್ತಿರಲಿಲ್ಲ, ನನ್ನ ಅಂಗನವಾಡಿ ಇದೆ, ಹೇಗೋ ಗಂಜಿ ಕುಡಿಯುತ್ತಿದ್ದೆವು. ಆದರೆ ಪಾಲಿನ ಕುರಿ ತಿಂದವನು ಎಂದು ಒಮ್ಮೆ ಹೆಸರು ಬಂದರೆ ಇಲ್ಲಿಂದ ಮುದಗಲ್ಲಿನವರೆಗೆ ಯಾವ ಹಟ್ಟಿಯವರೂ ಆ ಮನುಷ್ಯನ ಕೈಗೆ ಒಂದು ಮರಿಯನ್ನೂ ಕೊಡುವುದಿಲ್ಲ. ಹುಟ್ಟಿದಾಗಿನಿಂದ ಕುರಿ ಬಿಟ್ಟು ಬೇರೆ ಏನನ್ನೂ ಕಾಣದ ಮನುಷ್ಯ ಇವರು. ಯಾಕೆ ಆಣೆ ಮಾಡಲಿಲ್ಲ ಎಂದು ನಾನು ಗೋಗರೆದು ಕೇಳಿದೆ, ಸಿಟ್ಟಿನಿಂದ ಕೇಳಿದೆ, ಉಣ್ಣುವ ತಟ್ಟೆ ಎತ್ತಿಕೊಂಡು ಕೇಳಿದೆ. ಇವರು ಕೋಲು ಹಿಡಿದು ಹಟ್ಟಿಗೆ ಹೊರಟುಬಿಡುತ್ತಿದ್ದರು. ದಿನಾ ಬೆಳಿಗ್ಗೆ ಮಗನನ್ನು ಬೈದೇ ಚಹಾ ಕುಡಿಯುವ ನಮ್ಮ ಅತ್ತೆ ಯಮನೂರಮ್ಮ ಬೈಯುವುದನ್ನೇ ನಿಲ್ಲಿಸಿಬಿಟ್ಟರು. ನನಗೆ ನಿಜವಾಗಿ ಹೆದರಿಕೆ ಹುಟ್ಟಿದ್ದು ಅವತ್ತು.

ಅದಕ್ಕೇ ಸಿಂಧನೂರಿಗೆ ಬಂದೆ. ನಿನ್ನಿಂದ ಏನಾದರೂ ಆಗುತ್ತದೆ ಎಂದು ಬಂದದ್ದಲ್ಲ, ಅಳಲು ಒಂದು ಮನೆ ಬೇಕಿತ್ತು. ನೀನು ಅಳಲು ಬಿಟ್ಟೆ. ಆಗ ಒಳಗೆ ವೈರು ಸುತ್ತುತ್ತಿದ್ದ ಚಾಂದಣ್ಣ, ತೋಳ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಎದ್ದು ಬಂದ. ಯಾವ ಗುಡ್ಡ, ಯಾವ ದಿನ, ಯಾವ ಹೊತ್ತು ಎಂದು ಪೊಲೀಸರ ಹಾಗೆ ಕೇಳಿದ. ಮಸ್ಕಿ ಆಚೆಯ ಹಳ್ಳಿಯ ಮದುವೆ ಮುಗಿಸಿ ಸ್ಕೂಟರಿನಲ್ಲಿ ಬರುವಾಗ ಮುಸ್ಸಂಜೆಯಲ್ಲಿ ಗುಡ್ಡದ ಓರೆಯಲ್ಲಿ ತೋಳವೊಂದು ಮರಿ ಹಿಡಿದದ್ದನ್ನು ರಸ್ತೆಯಿಂದಲೇ ಕ್ಯಾಮರಾದಲ್ಲಿ ಹಿಡಿದಿದ್ದನಂತೆ. ದಿನ ನೋಡಿದರೆ ನಮ್ಮ ಮೂರನೆಯ ಮರಿ ಹೋದ ದಿನವೇ. ನಿನ್ನ ಗಂಡನ ಈ ಪ್ರಾಣಿಗಳ ಹುಚ್ಚಿಗೆ ನಾನೆಷ್ಟು ನಕ್ಕಿದ್ದೇನೆ ಹೇಳು. ಮದುವೆಯ ಕ್ಯಾಸೆಟ್ಟಿನ ಕೊನೆಯಲ್ಲಿ ಟೇಪು ಉಳಿದರೆ ಸಾಕು, ಮುಂಗುಸಿಯೋ ಓತಿಕ್ಯಾತವೋ ತುಂಬಿಬಿಡುವುದು. ಯಾರದೋ ಮಗಳು ಅಳುತ್ತ ಗಂಡನ ಮನೆಗೆ ಹೊರಟ ಮರುಕ್ಷಣ ಟಿ.ವಿ.ಯಲ್ಲಿ ಮುಂಗುಸಿ ಬಂದು, ಬೀಗರು ಜಗಳಕ್ಕೆ ಬಂದದ್ದನ್ನು ನೀನೇ ಹೇಳಿದ್ದೆಯಲ್ಲ. ಇನ್ನು ಮೇಲೆ ನಗುವುದಿಲ್ಲ. ಅವನ ಹುಚ್ಚು ನಮ್ಮನ್ನು ಉಳಿಸಿತು.

ಆದರೆ ಕ್ಯಾಸೆಟ್ಟು ಹಾಕಿದರೆ ಕಂಡದ್ದೇನು? ಕತ್ತಲೆ. ಕರಿಯ ಕಂಬಳಿ ಹೊದಿಸಿದ ಹಾಗೆ ಕತ್ತಲೆ, ಮೇಲೆ ಒಂದಿಷ್ಟು ಬೂದು ಆಕಾಶ, ಕೆಳಗೆ ಏನೋ ಅಲುಗಾಡಿದಂತೆ. ಮದುವೆಯಲ್ಲಿ ಆ ಉರಿಯುವ ದೊಡ್ಡ ಲೈಟಿಗೆ ಹೆದರಿ ಕ್ಯಾಮರಾದ ಕಣ್ಣನ್ನು ಕಿರಿದು ಮಾಡಿ ಕಟ್ಟಿಹಾಕಿದ್ದನಂತೆ ಅಣ್ಣ, ತಾಳಿ ಕಟ್ಟುವಾಗ ಮುಖಗಳು ಸುಣ್ಣದ ಗೋಡೆಯಾಗಬಾರದು ಎಂದು. ಗುಡ್ಡದ ಹತ್ತಿರ ತೋಳ ಕಂಡ ಉಮೇದಿನಲ್ಲಿ ಅದನ್ನು ಬಿಚ್ಚುವುದನ್ನೇ ಮರೆತಿದ್ದ. ಮದುವೆ ಹಿಡಿಯುವವರು ಮಾತ್ರ ಮಾಡಬಹುದಾದ ತಪ್ಪು ಎಂದು ನೀನು ಅವನನ್ನು ನೋಡಿದ ನೋಟ ನನಗಿನ್ನೂ ನೆನಪಿದೆ. ಅವನು ತಲೆ ಕೆರೆದುಕೊಂಡು ಚಹಾ ತರಲು ಹೋದ.

ಆಮೇಲೆ ನೀನು ಕಂಪ್ಯೂಟರಿಗೆ ಚಿತ್ರ ತಿದ್ದುವ ಸಿ.ಡಿ. ಹಾಕಿ ಅದರ ಮುಂದೆ ಕೂತೆ. ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆಯಾಗಿ ಬಂದ ಸಿ.ಡಿ. ಅದು, ಪುಕ್ಕಟೆ ಬಂದದ್ದರಲ್ಲಿ ಏನಿರುತ್ತದೆ ಎಂದು ಚಾಂದಣ್ಣ ಅದಕ್ಕೆ ದಾರ ಪೋಣಿಸಿ ಅಂಗಡಿಯ ಬಾಗಿಲಿಗೆ ತೋರಣ ಕಟ್ಟಿದ್ದ. ನೀನೇ ಬಿಚ್ಚಿ ತಂದು, ಒರೆಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಗುಂಡಿಯ ಹೆಸರಿಗೆ ಅರ್ಥ ಹುಡುಕಿ ಕಲಿತೆಯಂತೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಿರಿಯಡ್ಡಿಗೆ ಹೊಟ್ಟೆನೋವು ಬರುತ್ತಿದ್ದ ಹುಡುಗಿ ನೀನೇ ಏನು?

ನೀನು ಮೊದಲು ಪರದೆಯ ಮೇಲಿನ ಒಂದು ಗುಂಡಿ ಎಳೆದೆ. ಕತ್ತಲೆ ಹೋಯಿತು, ಅದರ ಜೊತೆ ಗುಡ್ಡ, ಗಿಡ, ಆಕಾಶ ಎಲ್ಲವೂ ಬೂದಿ ಬಳಿದಂತಾದವು. ಇದು ಎಲ್ಲಕ್ಕೂ ಒಂದೇ ಸಮ ಸುಣ್ಣ ಹೊಡೆಯುತ್ತದೆ, ಇದು ಬೇಡ ಎಂದು ವಾಪಸು ಸರಿಸಿದೆ. ಇನ್ನೊಂದನ್ನು ಕೂದಲೆಳೆಯಷ್ಟು ಎಳೆದೆ. ಆಗ ಕಪ್ಪಗಿದ್ದದ್ದು ಕಪ್ಪಾಗೇ ಉಳಿದು ನಡುವಿನ ಮಬ್ಬು ಮಾತ್ರ ತಿಳಿಯಾಗುತ್ತ ಬಂತು. ಕಲ್ಲುಗಳು ಬೇರೆ ಬೇರೆಯಾದವು. ಕುರಿಗಳ ಬೆನ್ನು ಕಂಡವು. ಅಷ್ಟರಲ್ಲಿ ಕರೆಂಟು ಹೋಗಿ ಮಾಡಿದ್ದೆಲ್ಲ ಹಾಳಾಯಿತು. ನೀನು ಬೈದದ್ದು ನಿಮ್ಮ ಮಾತಿನಲ್ಲಾದರೂ ನನಗೆ ಚೆನ್ನಾಗಿ ಅರ್ಥವಾಯಿತು. ಕರೆಂಟು ಬಂದ ಮೇಲೆ ಮತ್ತೆ ಮೊದಲಿನಿಂದ ಮಾಡಿದೆ. ಬೆಳಕು ಏರಿಸಿದಷ್ಟೂ ಚಿತ್ರದ ತುಂಬ ಜೋಳದ ನುಚ್ಚು ಚೆಲ್ಲಿದ ಹಾಗೆ ಕಾಳು ಕಾಳಾಗುತ್ತಿತ್ತು. ನಾನು ಇನ್ನೂ ಏರಿಸು, ಇನ್ನೂ ಏರಿಸು ಎಂದು ಪೀಡಿಸುತ್ತಿದ್ದೆ. ಏರಿಸುವುದು ಯಾರಿಗಾದರೂ ಬರುತ್ತದೆ, ಎಲ್ಲಿ ನಿಲ್ಲಿಸಬೇಕು ಅಂತ ನೋಡಬೇಕು ಎಂದು ನೀನು ನನ್ನ ಕೈಗೆ ಮೆಲ್ಲಗೆ ಹೊಡೆದೆ.

ಅಂತೂ ತೋಳ ಬಂತು. ಬಡಕಲು ತೋಳ. ಅದರ ಬಾಯಲ್ಲಿ ಮರಿ. ಮರಿಯ ಹಣೆಯಲ್ಲಿ ಬಿಳಿಯ ಬೊಟ್ಟು, ಅದು ಮುದುಕಪ್ಪ ಮಾವನ ಮರಿಯೇ ಎನ್ನಲು ನನಗೆ ಬೇರೆ ಗುರುತು ಬೇಕಿರಲಿಲ್ಲ. ನನಗೆ ಮತ್ತೆ ಅಳು ಬಂತು, ಈ ಸಲ ಬೇರೆ ಅಳು. ಮಸ್ಕಿಯ ಮೇಲೆ ಹೋಗುವ ಲಿಂಗಸುಗೂರಿನ ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೊರಟೆ. ಕ್ಯಾಸೆಟ್ಟಿಗೆ ಇಳಿಸುವುದು ಇನ್ನೂ ಬಹಳ ಹೊತ್ತು ಹಿಡಿಯುತ್ತದೆ, ಚಾಂದಣ್ಣನೇ ತಂದು ತೋರಿಸುತ್ತಾನೆ ಎಂದು ನೀನು ಹೇಳಿದೆ.

ಇನ್ನು ಮುಂದಿನದನ್ನು ನೀನು ಕಣ್ಣಾರೆ ನೋಡಿಲ್ಲ. ಅಮಾವಾಸ್ಯೆಗೆ ಇನ್ನೂ ದಿನವಿತ್ತು. ಮುದುಕಪ್ಪ ಮಾವನ ಪಡಸಾಲೆಯಲ್ಲಿ ಟಿ.ವಿ. ಇದೆ, ಅದರ ಮೇಲೆ ಮಾವನ ಸೊಸೆ ಹೆಣೆದ ಹೂವಿನ ಹೊದಿಕೆ. ಕ್ಯಾಸೆಟ್ಟು ಹಾಕುವ ಡೆಕ್ಕು ಇಲ್ಲ. ಅಣ್ಣ ಡೆಕ್ಕನ್ನು ಸ್ಕೂಟರಿನ ಮುಂದೆ ಕೂಸಿನ ಹಾಗೆ ನಿಲ್ಲಿಸಿಕೊಂಡು ಬಂದ. ಮಧ್ಯಾಹ್ನದ ಊಟ ಮುಗಿದ ಹೊತ್ತು. ಹಿರಿಯರು ಮುಂದೆ, ಹೆಂಗಸರು ಬಾಗಿಲಲ್ಲಿ. ಇವರು ಹಟ್ಟಿಯಿಂದ ಬಂದವರೇ ಕಂಬಕ್ಕೆ ಒರಗಿ ನಿಂತರು. ಸಿಂಧನೂರಿಗೆ ನಾನು ಹೋದದ್ದಾಗಲಿ, ಕ್ಯಾಸೆಟ್ಟಿನಲ್ಲಿ ಏನಿದೆ ಎಂಬುದಾಗಲಿ ಇವರಿಗೆ ಸರಿಯಾಗಿ ಹೇಳಿರಲಿಲ್ಲ. ಎಲ್ಲ ಸರಿಹೋಗುತ್ತದೆ ಬರ್ರಿ ಎಂದಷ್ಟೇ ಅಂದಿದ್ದೆ.

ಚಿತ್ರ ಬಂತು. ನಾನು ಸಿಂಧನೂರಿನಲ್ಲಿ ನೋಡಿದ ಹಾಗೆ ಇರಲಿಲ್ಲ. ಮದುವೆಯ ಕ್ಯಾಸೆಟ್ಟುಗಳಲ್ಲಿ ಮದುಮಗಳ ಮುಖ ಇಡುತ್ತೀರಲ್ಲ, ಮೊಟ್ಟೆಯಾಕಾರದ ಚೌಕಟ್ಟು, ನಡುವೆ ಬೆಳಕು, ಅಂಚಿನಲ್ಲಿ ಮೆತ್ತಗೆ ಕರಗಿ ಸುತ್ತ ಕತ್ತಲೆ, ಆ ಚೌಕಟ್ಟಿನೊಳಗೆ ತೋಳ ನಿಂತಿತ್ತು. ಪಡಸಾಲೆ ಗೊಳ್ಳೆಂದು ನಕ್ಕಿತು. ತೋಳಕ್ಕೆ ಅರಿಶಿನ ಹಚ್ಚಿ ಕೂರಿಸಿದ್ದಾರೇನು ಎಂದು ಯಾರೋ ಅಂದರು. ಆದರೆ ಯಾಕೆ ಹೀಗಿದೆ ಎಂದು ಒಬ್ಬರೂ ಕೇಳಲಿಲ್ಲ. ಅವರು ನೋಡಿದ ಕ್ಯಾಸೆಟ್ಟುಗಳೆಲ್ಲ ಮದುವೆಯವೇ, ಅವುಗಳಲ್ಲೆಲ್ಲ ಹಾಗೇ ಇರುತ್ತದೆ. ನಾನೂ ಕೇಳಲಿಲ್ಲ.

ತೋಳ ಮರಿ ಹಿಡಿದು ತಿರುಗಿದಾಗ ನಗು ನಿಂತಿತು. ಮುದುಕಪ್ಪ ಮಾವ ಕುಳಿತಲ್ಲಿಂದ ಜರುಗಿ ಜರುಗಿ ಟಿ.ವಿ. ಹತ್ತಿರ ಹೋದ. ಬಿಳಿಯ ಬೊಟ್ಟು ಕಂಡಿತು. ಅವನು ಹೆಗಲ ಟವೆಲಿನಿಂದ ಮುಖ ಒರೆಸಿಕೊಂಡು, ಇದು ನನ್ನ ಮರಿಯೇ ಎಂದು ಮೆಲ್ಲಗೆ ಹೇಳಿದ. ಆಮೇಲೆ ಎಲ್ಲರಿಗೂ ಕೇಳುವಂತೆ ಅಂದ:

"ಆತು. ಆಣಿ ಬ್ಯಾಡ, ಏನೂ ಬ್ಯಾಡ. ದ್ಯಾವಪ್ಪ ಕಳ್ಳ ಅಲ್ಲ."

ಹಸೀನಾ, ಆ ಒಂದು ಮಾತಿಗೆ ನಾನು ಎಷ್ಟು ದಿನ ಕಾದಿದ್ದೆ. ಬಾಗಿಲಿನಲ್ಲಿ ನನ್ನ ಪಕ್ಕ ನಿಂತಿದ್ದ ಅತ್ತೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒಡೆದು ರಕ್ತ ಬಂತು. ನನಗೆ ಅದೂ ಹಿತವೇ ಆಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಟಿ.ವಿ.ಯಲ್ಲಿ ತಮ್ಮ ಊರಿನ ತೋಳ ಬಂದರೆ ಒಂದೇ ಸಲ ನೋಡಿ ಎದ್ದು ಹೋಗುವ ಜನ ಎಲ್ಲಿದ್ದಾರೆ? ಇನ್ನೊಮ್ಮೆ ಹಾಕು, ಇನ್ನೊಮ್ಮೆ ಹಾಕು ಎಂದು ಅಣ್ಣನ ಜೀವ ತಿಂದರು. ಆಗ ಮಾವ ಒಂದನ್ನು ಗಮನಿಸಿದ. ಮರಿ ಹಿಡಿದ ತೋಳ ಗುಡ್ಡ ಹತ್ತುವ ಮೊದಲು ಒಂದು ಕ್ಷಣ ನಿಲ್ಲುತ್ತದೆ. ಕತ್ತು ತಿರುಗಿಸಿ ಚೌಕಟ್ಟಿನ ಎಡಗಡೆಯ ಕತ್ತಲೆಯನ್ನು ನೋಡುತ್ತದೆ. ಆಮೇಲೆ ಹೋಗುತ್ತದೆ.

ಅದು ಯಾರನ್ನು ನೋಡುತ್ತಿದೆ ಎಂದು ಮಾವ ಕೇಳಿದ. ಸುಮ್ಮನೆ ಕೇಳಿದ್ದು, ಸಂಶಯದಿಂದಲ್ಲ. ಅದು ಕ್ಯಾಮರಾವನ್ನು ನೋಡುತ್ತಿದೆ ಎಂದು ಚಾಂದಣ್ಣ ತಕ್ಷಣ ಹೇಳಿದ. ಅಷ್ಟು ಬೇಗ ಅವನು ಯಾವ ಪ್ರಶ್ನೆಗೂ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ. ಮಾವ ತಲೆಯಾಡಿಸಿದ. ಆಗ ಕಂಬದ ಕಡೆಯಿಂದ ಇವರ ದನಿ ಬಂತು.

"ಅಲ್ರಿ ಮಾವ. ಅದು ನನ್ನ ನೋಡಾಕತ್ತೈತಿ."

ಎಲ್ಲರೂ ಹಿಂದಕ್ಕೆ ತಿರುಗಿದರು. ಇವರ ಮಾತು ನಿನಗೆ ಗೊತ್ತಲ್ಲ, ಸೇರಿನಲ್ಲಿ ಅಳೆದು ಕೊಟ್ಟಷ್ಟು. ಜನರ ನಡುವೆ ದಾಟಿ ಬಂದು ಟಿ.ವಿ.ಯ ಎಡಗಡೆಯ ಕತ್ತಲೆಯ ಮೇಲೆ ಅಂಗೈ ಇಟ್ಟರು.

"ಇಲ್ಲಿ ನಾ ನಿಂತೀನಿ. ಇದ್ರಾಗ ಕಾಣವಲ್ಲೆ, ಆದ್ರ ಇಲ್ಲೇ ನಿಂತೀನಿ. ಕೆಂಚನ ಕೊರಳ ಹಗ್ಗ ನನ್ನ ಕೈಯಾಗ ಐತಿ. ನಾ ಅದನ್ನ ಬಿಡಲಿಲ್ಲ."

ಕೆಂಚ ನಮ್ಮ ಹಟ್ಟಿಯ ನಾಯಿ. ತೋಳದ ವಾಸನೆಗೇ ಸರಪಳಿ ಹರಿದುಕೊಂಡು ಹೋಗುವಂಥದ್ದು. ಯಾಕೆ ಬಿಡಲಿಲ್ಲ ಎಂದು ಮಾವ ಕೇಳಿದ. ಇವರು ಟಿ.ವಿ.ಯಿಂದ ಕೈ ತೆಗೆದು ಮಾವನ ಕಡೆ ತಿರುಗಿದರು. ನನ್ನ ಗಂಡ ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ನಾನು ಇಲ್ಲಿಯವರೆಗೆ ಕೇಳಿರಲಿಲ್ಲ, ಆದ್ದರಿಂದ ಒಂದಕ್ಷರ ಬಿಡದೆ ಬರೆಯುತ್ತೇನೆ.

"ಅದರ ಮೊಲಿ ಜೋತಿದ್ವು ಮಾವ. ಹೊಟ್ಟಿ ಬೆನ್ನಿಗೆ ಹತ್ತಿತ್ತು. ಎಲ್ಲೋ ಗುಡ್ಡದಾಗ ಮರಿ ಹಾಕಿರಬೇಕು. ನಾಯಿ ಬಿಟ್ಟಿದ್ರ ಅದು ಓಡಾಕೂ ಆಗ್ತಿದ್ದಿಲ್ಲ. ಮದಲಿನ ಎರಡು ನನಗ ಗೊತ್ತಿಲ್ಲದ ಹೋಗ್ಯಾವು. ಇದನ್ನ ನಾ ನೋಡಿ ನೋಡಿ ಕಳಿಸೀನಿ. ಹ್ಯಾಂಗ ಕಂಬಳಿ ಮುಟ್ಟಲಿ?"

ಪಡಸಾಲೆಯಲ್ಲಿ ಗದ್ದಲವೆದ್ದಿತು. ಕಂಡವರ ಮರಿಯನ್ನು ಧರ್ಮ ಮಾಡಲು ಇವನ್ಯಾರು ಎಂದು ಒಬ್ಬರು, ಇವನಿಗೆ ಬುದ್ಧಿ ಕೆಟ್ಟಿದೆ ಎಂದು ಇನ್ನೊಬ್ಬರು. ಕೊಡುವುದಿದ್ದರೆ ನಿನ್ನ ಮರಿ ಕೊಡಬೇಕಿತ್ತು ಎಂದ ಮಾವ. ಅದು ನನ್ನದನ್ನು ಹಿಡಿಯಲಿಲ್ಲವಲ್ಲ ಎಂದರು ಇವರು, ಅದೂ ತಮಾಷೆಗಲ್ಲ, ಇದ್ದದ್ದನ್ನು ಇದ್ದ ಹಾಗೆ. ಅದಕ್ಕೆ ಯಾರೋ ಕಿಸಕ್ಕನೆ ನಕ್ಕರು. ನಗು ಬಂದ ಮೇಲೆ ಗದ್ದಲಕ್ಕೆ ಬಲ ಉಳಿಯಲಿಲ್ಲ.

ಮಾವ ನ್ಯಾಯ ಹೇಳಿದ. ಆ ಮರಿಯ ಬದಲು ನಮ್ಮ ಪಾಲಿನದೊಂದು ಮರಿ ಕೊಡಬೇಕು, ಮೊದಲಿನ ಎರಡರ ಮಾತು ಬಿಡಬೇಕು. ಅದು ಸರಿಯೇ. ಆದರೆ ಅರ್ಧ ಕುರಿಗಳನ್ನು ಬೇರೆಯವರಿಗೆ ಒಪ್ಪಿಸುತ್ತೇನೆ ಎಂದೂ ಹೇಳಿದ. "ನಿನ್ನ ಮಾತು ನಂಬತೀನಿ ದ್ಯಾವಪ್ಪ. ಆದ್ರ ಎಲ್ಲಾ ಕುರಿ ನಿನ್ನ ಕೈಯಾಗ ಬಿಡಾಕ ನನಗ ಧೈರ್ಯ ಇಲ್ಲ." ಮರುದಿನ ಬೆಳಿಗ್ಗೆ ಹೊಡೆದುಕೊಂಡು ಹೋದರು. ಇವರು ಗುಡ್ಡದ ತಿರುವಿನವರೆಗೆ ಅವುಗಳ ಹಿಂದೆಯೇ ಹೋಗಿ ಬಂದರು, ಬಂದು ಅವತ್ತು ಊಟ ಮಾಡಲಿಲ್ಲ. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ, ಹಟ್ಟಿ ಅರ್ಧ ಖಾಲಿಯಾಗಿದೆ. ಅವುಗಳ ಸದ್ದಿಲ್ಲದೆ ನನಗೂ ಏನೋ ಕಳೆದಂತಾಗುತ್ತದೆ.

ಆದರೆ ಯಾರೂ ಕಳ್ಳ ಎನ್ನುವುದಿಲ್ಲ. ಈಗ ಊರು ಇವರನ್ನು ತೋಳನ ಬೀಗ ಎಂದು ಕರೆಯುತ್ತಿದೆ, ಆ ಚೌಕಟ್ಟಿನ ದಯೆ. ನಾನು ನೀರಿಗೆ ಹೋದರೆ ಬೀಗಿತಿ ಬಂದಳು ದಾರಿ ಬಿಡ್ರಿ ಎನ್ನುತ್ತಾರೆ, ನಾನೂ ಸೆರಗು ಸರಿಮಾಡಿಕೊಂಡು ಗತ್ತಿನಿಂದ ಹೋಗುತ್ತೇನೆ. ಕಳ್ಳನ ಹೆಂಡತಿ ಎಂಬ ಹೆಸರು ಹೊತ್ತಿದ್ದಾಗ ಅದೇ ನೀರಿಗೆ ಎಲ್ಲರೂ ತುಂಬಿಕೊಂಡು ಹೋದ ಮೇಲೆ ಹೋಗುತ್ತಿದ್ದೆ. ಅತ್ತೆ ಬೈಯಲು ಶುರು ಮಾಡಿದ್ದಾರೆ. ತೋಳಕ್ಕೆ ಬಾಣಂತನ ಮಾಡುವ ಮಗನನ್ನು ಹೆತ್ತೆನಲ್ಲ ಎಂದು ದಿನಾ ಬೆಳಿಗ್ಗೆ ಚಹಾದ ಜೊತೆ. ಅದನ್ನು ಕೇಳಿದರೆ ನನಗೆ ಮನೆ ಮನೆಯಾಯಿತು ಅನ್ನಿಸುತ್ತದೆ. ಯುಗಾದಿ ಆದ ಮೇಲೆ ಬೇಸಿಗೆಯ ಭತ್ತ ಕೊಯ್ದಾಗ ವಳಕಮದಿನ್ನಿಯ ಗದ್ದೆಗಳಲ್ಲಿ ಕುರಿ ನಿಲ್ಲಿಸಲು ಎಂದಿನಂತೆ ಕರೆ ಬಂದಿದೆ. ಅವರಿಗೆ ಬೇಕಾದದ್ದು ಗದ್ದೆಗೆ ಕುರಿಗೊಬ್ಬರ, ತೋಳದ ಸುದ್ದಿ ಕಟ್ಟಿಕೊಂಡು ಅವರಿಗೇನು. ಹೇಗೋ ಆಗುತ್ತದೆ.

ಈಗ ಆ ಎರಡನೆಯ ಉಪಕಾರದ ಮಾತು. ಇವರು ಟಿ.ವಿ.ಯ ಮೇಲೆ ಕೈ ಇಟ್ಟಾಗ ಆ ಚೌಕಟ್ಟು ಯಾಕೆ ಎಂದು ಪಡಸಾಲೆಗೆಲ್ಲ ಗೊತ್ತಾಯಿತು. ಎಲ್ಲರೂ ಚಾಂದಣ್ಣನ ಮುಖ ನೋಡಿದರು. ಮಷೀನೇ ಹಾಗೆ ಮಾಡುತ್ತದೆ ಎಂದು ಅವನು ವೈರು ಸುತ್ತಲು ಬಗ್ಗಿದ. ಅಷ್ಟು ಬೆಳಕು ಮಾಡಿದವಳಿಗೆ ಎಡಗಡೆಯ ಮೂಲೆ ಬೆಳಕು ಮಾಡುವುದು ಬರುವುದಿಲ್ಲವೇ? ನಾನು ಹೋದ ಮೇಲೆ ನೀನು ಆ ಮೂಲೆಯಲ್ಲಿ ಇವರನ್ನು ನೋಡಿದ್ದೀಯ. ನಾಯಿ ಹಿಡಿದು ನಿಂತ ಮನುಷ್ಯ ಯಾರೆಂದು ನಿನಗೆ ತಿಳಿದಿದೆ. ನನಗೆ ಹೇಳಿದರೆ ನಾನು ಒಡೆದುಹೋಗುತ್ತೇನೆ ಎಂದು ಹೇಳದೆ, ಮದುಮಗಳ ಚೌಕಟ್ಟು ತಂದು ತೋಳಕ್ಕೆ ಹಾಕಿ, ನನ್ನ ಗಂಡನನ್ನು ಕತ್ತಲೆಯಲ್ಲಿ ಬಚ್ಚಿಟ್ಟೆ. ಅಷ್ಟು ನಾಜೂಕಾಗಿ ಮುಚ್ಚಿದ್ದನ್ನು ಈ ಮಹಾರಾಯರು ತಾವೇ ಬಂದು ತೆರೆದಿಟ್ಟರಲ್ಲ ಎಂದು ನಿನಗೆ ಬೇಸರವಾಗಿರಬಹುದು. ಬೇಸರ ಮಾಡಿಕೊಳ್ಳಬೇಡ. ನೀನು ಎಲ್ಲವನ್ನೂ ಬೆಳಕು ಮಾಡಿ ಕಳಿಸಿದ್ದರೆ ಅವತ್ತು ಟಿ.ವಿ. ಅವರನ್ನು ಊರಿನ ಮುಂದೆ ಹಿಡಿದು ಕೊಡುತ್ತಿತ್ತು. ನೀನು ಬಿಟ್ಟ ಕತ್ತಲೆಯಿಂದ ಅವರು ತಾವಾಗಿ ನಡೆದು ಬಂದರು. ಎರಡಕ್ಕೂ ಎಷ್ಟು ವ್ಯತ್ಯಾಸ ಎಂದು ಅವರ ಜೊತೆ ಬಾಳುವವಳು ನಾನು, ನನಗೆ ಗೊತ್ತು. ಈ ಋಣವನ್ನು ನಾನು ತೀರಿಸುವುದಿಲ್ಲ ಹಸೀನಾ, ಇಟ್ಟುಕೊಳ್ಳುತ್ತೇನೆ.

ಅವತ್ತು ಮನೆಗೆ ಬರುವಾಗ ಕೇಳಿದೆ, ಮಾವ ಆ ಪ್ರಶ್ನೆ ಕೇಳದೇ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು. ಯೋಚಿಸುತ್ತ ಸ್ವಲ್ಪ ದೂರ ನಡೆದು, ಸುಮ್ಮನೆ ಇರುತ್ತಿದ್ದೆನೋ ಏನೋ, ಗೊತ್ತಿಲ್ಲ ಎಂದರು. ನನಗೆ ಆ ಮನುಷ್ಯನ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದು ಬರೆಯಲು ನಾಚಿಕೆಯಾಗುತ್ತದೆ.

ಈ ಕಾಗದದ ಜೊತೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಸಣ್ಣ ಕಂಬಳಿ ಕಳಿಸಿದ್ದೇನೆ. ನಮ್ಮವೇ ಕುರಿಗಳ ಉಣ್ಣೆ, ಇವರೇ ಕತ್ತರಿಸಿದ್ದು. ಕಂಪ್ಯೂಟರಿಗೆ ಧೂಳು ಬೀಳದಂತೆ ಹೊದಿಸು. ಮೂಗು ಮುಚ್ಚಿಕೊಳ್ಳಬೇಡ, ಮೂರು ಸಲ ಒಗೆದಿದ್ದೇನೆ. ಚಾಂದಣ್ಣನಿಗೆ ನನ್ನ ಸಲಾಂ ಹೇಳು, ಕ್ಯಾಮರಾದ ಕಣ್ಣು ಬಿಚ್ಚಿದ್ದಾನೋ ಇಲ್ಲವೋ ಒಮ್ಮೆ ಕೇಳು.

ಇತಿ,
ನಿನ್ನ ಬೆಂಚಿನ ಗ್ಯಾನಿ
(ಅಂಗನವಾಡಿಯಲ್ಲಿ ಗ್ಯಾನಮ್ಮ ಟೀಚರ್, ಓಣಿಯಲ್ಲಿ ತೋಳನ ಬೀಗಿತಿ)

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಎಡಗಡೆ ನಿಂತಿದ್ದವರನ್ನು ಅವತ್ತು ನಿನಗಿಂತ ಮೊದಲು ನಾನೇ ನೋಡಿದೆ. ನೀನು ಆ ಗುಂಡಿಯನ್ನು ಇನ್ನೊಂದು ಎಳೆಯಷ್ಟು ಸರಿಸಿದಾಗ ಜಾಲಿಗಿಡದ ಪಕ್ಕ ಒಂದು ಕಂಬಳಿ ಜೋತದ್ದು ಕಂಡಿತು. ಆ ಹೆಗಲು ಯಾರದು ಎಂದು ನನಗೆ ಯಾರೂ ಹೇಳಬೇಕಿರಲಿಲ್ಲ. ನೀನು ತೋಳವನ್ನು ನೋಡುತ್ತಿದ್ದೆ. ನಿನ್ನ ಕಣ್ಣು ಆ ಕಡೆ ಹೋಗದಿರಲಿ ಎಂದು ಬೀರಪ್ಪನನ್ನು ಬೇಡಿಕೊಂಡು ಎದ್ದೆ. ಬಸ್ಸಿಗೆ ಇನ್ನೂ ಬಹಳ ಹೊತ್ತಿತ್ತು. ಆ ಮೂಲ ಕ್ಯಾಸೆಟ್ಟಿನ ಮೇಲೆ ಬೇರೆ ಮದುವೆ ಹಿಡಿಯಬೇಡ ಎಂದು ಅಣ್ಣನಿಗೆ ಹೇಳು. ನಿನಗೆ ಬಿಡುವಾದಾಗ ಚೌಕಟ್ಟು ತೆಗೆದು, ಎಡಗಡೆಗೂ ಬೆಳಕು ಮಾಡಿ ನನಗೊಂದು ಕಳಿಸು. ಅವತ್ತು ನಾನು ಮುಖ ತಿರುಗಿಸಿಕೊಂಡೆ. ಈಗ ಅವರನ್ನು ಕಣ್ತುಂಬ ನೋಡಬೇಕು.